ಕೊಟ್ಟ ತಾರೀಖು

ಜನವರಿ ಎಂಟು, ಸೋಮವಾರ, ಬೆಳಿಗ್ಗೆ ಹತ್ತಕ್ಕೆ ಒಬ್ಬ ಹೆಂಗಸು ನಮ್ಮ ಮನೆಯ ಬಾಗಿಲಲ್ಲಿ ನಿಂತು, "ಹೆಡ್ಮೇಷ್ಟ್ರು ವೆಂಕಟರಾಯಪ್ಪನೋರು ಇದಾರಾ?" ಎಂದು ಕೇಳಿದಳು. ನಾನು ನಿವೃತ್ತನಾಗಿ ಇಪ್ಪತ್ತನಾಲ್ಕು ವರ್ಷವಾಗಿದೆ. ಈಗ ಹಾಗೆ ಕೇಳಿಕೊಂಡು ಬರುವವರು ಮದುವೆಯ ಕರೆಯೋಲೆ ತಂದವರು, ಇಲ್ಲವೇ ಸಾವಿನ ಸುದ್ದಿ ತಂದವರು. ಇವಳ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು ಮಾತ್ರ ಇತ್ತು.

"ನಾನು ಅನಿತ, ಸಾರ್. ಮಗ್ಗದ ಬಚ್ಚಪ್ಪನ ಮಗಳು. ನಮ್ಮಪ್ಪ ತೀರ್ಕೊಂಡು ಆರು ವರ್ಷ ಆಯ್ತು. ನಾನೂ ನನ್ನ ತಮ್ಮ ಚೌಡೇಶನೂ ನಿಮ್ಮ ಸ್ಕೂಲಲ್ಲೇ ಏಳನೇ ಕ್ಲಾಸಿನ ತನಕ ಓದಿದ್ದು."

"ಕೂತುಕೊ."

ಅವಳು ಕೂರಲಿಲ್ಲ. ಕವರಿನಿಂದ ಎರಡು ಆಧಾರ್ ಕಾರ್ಡುಗಳ ನಕಲನ್ನು ತೆಗೆದು ನನ್ನ ಮುಂದಿನ ಮೇಜಿನ ಮೇಲೆ ಪಕ್ಕಪಕ್ಕಕ್ಕೆ ಇಟ್ಟಳು. ನಿಂತೇ ವಿಷಯ ಹೇಳಿದಳು. ಅವಳನ್ನು ನಂದಗುಡಿಗೆ ಕೊಟ್ಟಿದ್ದಾರೆ. ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಚೌಡೇಶ್ ಇಲ್ಲೇ ದೊಡ್ಡಬಳ್ಳಾಪುರದಲ್ಲಿ ತಂದೆಯ ಎರಡು ಪವರ್‌ಲೂಮ್‌ಗಳನ್ನು ನಡೆಸುತ್ತಿದ್ದ. ಅವನ ಎರಡೂ ಕಿಡ್ನಿ ಕೆಟ್ಟಿವೆ. ದಸರಾದಿಂದ ವಾರಕ್ಕೆ ಎರಡು ಸಲ ಡಯಾಲಿಸಿಸ್. ಹೆಂಡತಿಯ ರಕ್ತದ ಗುಂಪು ಹೊಂದಲಿಲ್ಲ. ತಾಯಿ ನಾರಾಯಣಮ್ಮನಿಗೆ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆ. ಅನಿತಳದು ಹೊಂದಿತು. ಬೆಂಗಳೂರಿನ ಆಸ್ಪತ್ರೆಯವರು ಜನವರಿ ಇಪ್ಪತ್ತೆರಡಕ್ಕೆ ಆಪರೇಷನ್ ಎಂದು ಗೊತ್ತುಮಾಡಿದ್ದರು. ಆಮೇಲೆ ಅಲ್ಲಿನ ಅನುಮತಿ ಸಮಿತಿಯವರು ಕಾಗದಗಳನ್ನು ನೋಡಿದರು.

"ಡೇಟ್ ಕೊಟ್ಟಿದ್ರು ಸಾರ್, ವಾಪಸ್ ತಗೊಂಡ್ಬಿಟ್ರು. ಇವೆರಡು ನೋಡಿ."

ಚೌಡೇಶ್, ಜನನ 27-07-1981. ಅನಿತ, ಜನನ 28-08-1981.

"ಒಬ್ಬ ತಾಯಿ ಒಂದು ತಿಂಗಳು ಒಂದು ದಿನದ ಅಂತರದಲ್ಲಿ ಎರಡು ಮಕ್ಕಳನ್ನ ಹೇಗಮ್ಮ ಹೆರ್ತಾಳೆ ಅಂತ ಕೇಳಿದ್ರು. ನಾನು ದುಡ್ಡಿಗೆ ಕಿಡ್ನಿ ಮಾರೋಕೆ ಬಂದವಳು, ಅಕ್ಕ ಅಂತ ಸುಳ್ಳು ಕಾರ್ಡು ಮಾಡಿಸ್ಕೊಂಡಿದೀನಿ ಅಂತ ಅವರ ಅನುಮಾನ. ನಮ್ಮವ್ವ ಅಲ್ಲೇ ಕೂಗಾಡಿದ್ಲು, ಇಬ್ರನ್ನೂ ನಾನೇ ಹೆತ್ತಿದ್ದು ಕಣ್ರಪ್ಪಾ ಅಂತ. ಬಾಯಿಮಾತು ನಡೆಯಲ್ಲ, ಕಾಗದ ಬೇಕು ಅಂದ್ರು."

"ರಕ್ತ ಪರೀಕ್ಷೆಯಿಂದ ತಿಳಿಯುವುದಿಲ್ಲವೇ?"

"ಅದಕ್ಕೂ ಕಳಿಸಿದಾರೆ. ಬರೋಕೆ ಎರಡು ತಿಂಗಳಾದ್ರೂ ಆಗುತ್ತಂತೆ. ಅಷ್ಟು ದಿನ ಇವನು ತಡೀತಾನೋ ಇಲ್ವೋ." ಅವಳು ಕವರನ್ನು ಮಡಿಸಿದಳು. "ಸ್ಕೂಲಿಗೆ ಹೋಗಿದ್ದೆ. ಈಗಿನ ಹೆಡ್‌ಮೇಡಂ ದಾಖಲಾತಿ ಪುಸ್ತಕ ತೆಗೆದು ನೋಡಿದ್ರು. ಅದ್ರಲ್ಲೂ ಇದೇ ಡೇಟು. ತಪ್ಪು ಅಂತ ಬರ್ಕೊಡೋಕೆ ನನಗೆ ಅಧಿಕಾರ ಇಲ್ಲಮ್ಮ, ಬರೆದವ್ರನ್ನೇ ಕೇಳು ಅಂದ್ರು. ಬರೆದವ್ರು ನೀವು."

"ಇಲ್ಲೇ ಬಿಟ್ಟು ಹೋಗು. ನೋಡುತ್ತೇನೆ," ಎಂದೆ.

ಅವಳು ಇನ್ನೂ ಒಂದು ನಿಮಿಷ ನಿಂತಿದ್ದು ಹೋದಳು. ಅಷ್ಟರಲ್ಲಿ ನಾನು ಹೇಳಬೇಕಾದ್ದನ್ನು ಹೇಳಬಹುದಾಗಿತ್ತು. ಅದಕ್ಕೆ ಮೂರು ವಾಕ್ಯ ಸಾಕಿತ್ತು.

ನಿವೃತ್ತಿಯ ನಂತರ ನಾನು ಇಟ್ಟುಕೊಂಡ ಅಭ್ಯಾಸ ಒಂದೇ: ದಿನಕ್ಕೊಂದು ಇಂಗ್ಲಿಷ್ ಶಬ್ದದ ಮೂಲವನ್ನು ನಿಘಂಟಿನಲ್ಲಿ ನೋಡುವುದು. ಲೆಕ್ಕ ಕಲಿಸಿದವನಿಗೆ ಶಬ್ದಗಳ ಮೇಲೆ ನಂಬಿಕೆ ಕಡಿಮೆ; ಅವು ಎಲ್ಲಿಂದ ಬಂದವೆಂದು ವಿಚಾರಿಸಿಕೊಳ್ಳುವುದು ಒಳ್ಳೆಯದು. ಆ ದಿನ ಅನಿತ ಹೋದ ಮೇಲೆ ನಾನು ತೆಗೆದದ್ದು ಅವಳು ನಾಲ್ಕಾರು ಸಲ ಆಡಿದ ಶಬ್ದವನ್ನೇ.

ಮೊಮ್ಮಗಳು ಪವಿತ್ರ ಕಾಲೇಜಿಗೆ ರಜೆಯೆಂದು ಮನೆಯಲ್ಲಿದ್ದಳು. "ಇವತ್ತು ಯಾವ ಪದ ತಾತ?"

"ಡೇಟ್."

"ಅಯ್ಯೋ! ಈ ವಯಸ್ಸಲ್ಲಿ ಡೇಟಾ? ಅಜ್ಜಿ ಗೋಡೆ ಮೇಲಿನ ಫೋಟೋದಿಂದ ನೋಡ್ತಾ ಇದಾರೆ, ಹುಷಾರು."

ನಾನು ಅವಳಿಗೆ ಓದಿ ಹೇಳಿದೆ. ಖರ್ಜೂರವೆಂಬ ಅರ್ಥದ ಡೇಟ್ ಗ್ರೀಕರ ಬೆರಳು ಎಂಬ ಶಬ್ದದಿಂದ ಬಂದದ್ದು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಹುಡುಗ ಹುಡುಗಿ ಗೊತ್ತುಮಾಡಿಕೊಂಡು ಭೇಟಿಯಾಗುವ ಡೇಟ್ ದಿನವೆಂಬ ಅರ್ಥದಿಂದಲೇ ಕವಲೊಡೆದದ್ದು, ಇತ್ತೀಚಿನದು. ದಿನವೆಂಬ ಅರ್ಥದ ಡೇಟ್‌ನ ಮೂಲ ಲ್ಯಾಟಿನ್. ಅಲ್ಲಿ ಅದಕ್ಕೆ ದಿನವೆಂಬ ಅರ್ಥವೇ ಇರಲಿಲ್ಲ. 'ಕೊಟ್ಟದ್ದು' ಎಂದು ಅರ್ಥ. ರೋಮಿನವರು ಪತ್ರ ಬರೆದರೆ, ರೋಮಿನಲ್ಲಿ ಕೊಟ್ಟದ್ದು, ಇಂಥ ದಿನ, ಎಂದು ಬರೆಯುತ್ತಿದ್ದರು. ಓಲೆಕಾರನ ಕೈಗೆ ಕೊಟ್ಟದ್ದು ಎಂದು ಭಾವ. ಮುಂದೆ ಬಂದವರು ಆ ಮೊದಲ ಶಬ್ದವನ್ನೇ ದಿನದ ಹೆಸರೆಂದು ಹಿಡಿದರು. ರೇಖಾಗಣಿತದಲ್ಲಿ ನಾವು ಪ್ರಮೇಯದ ಮೊದಲ ಸಾಲಿನಲ್ಲಿ 'ದತ್ತ' ಎಂದು ಬರೆಯುತ್ತೇವಲ್ಲ, ಸಂಸ್ಕೃತದ ಆ ಶಬ್ದವೂ ಲ್ಯಾಟಿನ್ನಿನ ಈ ಶಬ್ದವೂ ಒಂದೇ ಬೇರಿನವು. ದತ್ತವನ್ನು ಯಾರೂ ಪ್ರಶ್ನಿಸುವಂತಿಲ್ಲ. ಅಲ್ಲಿಂದ ಮುಂದಿನದನ್ನು ಮಾತ್ರ ಸಾಧಿಸಬೇಕು.

"ಹಾಗಾದ್ರೆ ನಮ್ಮ ಜನ ಸರಿಯಾಗೇ ಮಾತಾಡ್ತಾರೆ ಬಿಡಿ," ಎಂದಳು ಪವಿತ್ರ. "ಕೋರ್ಟಲ್ಲಿ ಡೇಟ್ ಕೊಡ್ತಾರೆ. ಡಾಕ್ಟ್ರು ಹೆರಿಗೆಗೆ ಡೇಟ್ ಕೊಡ್ತಾರೆ. ಹೀರೋ ಡೇಟ್ ಕೊಡ್ಲಿಲ್ಲ ಅಂತ ಸಿನಿಮಾ ನಿಂತೋಗುತ್ತೆ. ನಿಮಗೆ ಡೇಟ್ ಆಫ್ ಬರ್ತ್ ಯಾರು ಕೊಟ್ರು ತಾತ?"

"ನನ್ನ ಮೇಷ್ಟ್ರು."

"ನೀವು ಎಷ್ಟು ಜನಕ್ಕೆ ಕೊಟ್ರಿ?"

ನಾನು ನಿಘಂಟನ್ನು ಮುಚ್ಚಿ ಎದ್ದೆ.

ನಮ್ಮದು ನೇಕಾರರ ಕೇರಿಯ ಸರ್ಕಾರಿ ಪ್ರಾಥಮಿಕ ಶಾಲೆ. ಆಗಿನ ಕಾಲದಲ್ಲಿ ಜೂನ್ ತಿಂಗಳಲ್ಲಿ ಮಗುವನ್ನು ಕೈಹಿಡಿದು ತರುವ ತಂದೆಗೆ ಮಗು ಹುಟ್ಟಿದ ದಿನ ಗೊತ್ತಿರುತ್ತಿರಲಿಲ್ಲ. "ನೀವೇ ಒಂದು ಹಾಕ್ಕೊಳ್ಳಿ ಸಾ," ಎನ್ನುತ್ತಿದ್ದರು. ಮಗುವಿಗೆ ಐದು ವರ್ಷ ಹತ್ತು ತಿಂಗಳು ತುಂಬಿರಬೇಕೆಂಬ ನಿಯಮವಿತ್ತು. ಬಹುತೇಕ ಎಲ್ಲ ಶಾಲೆಗಳಲ್ಲಿ ಮೇಷ್ಟ್ರುಗಳು ಜೂನ್ ಒಂದು ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ನಾನೂ ಹಾಗೆಯೇ ಬರೆಯುತ್ತಿದ್ದೆ. ಒಂದು ವರ್ಷ ತಪಾಸಣೆಗೆ ಬಂದ ಇನ್ಸ್‌ಪೆಕ್ಟರು ಪುಸ್ತಕ ತೆರೆದು, "ಏನ್ರೀ, ನಿಮ್ಮ ಕೇರಿಯ ಹೆಂಗಸರೆಲ್ಲ ಒಂದೇ ದಿನ ಹೆರುತ್ತಾರೇನ್ರೀ? ನಲವತ್ತಕ್ಕೆ ಮೂವತ್ತಮೂರು ಜೂನ್ ಒಂದು!" ಎಂದು ಸಹಶಿಕ್ಷಕರ ಎದುರಿಗೆ ನಕ್ಕರು. ನನಗೆ ಅವಮಾನವಾಯಿತು.

ಆ ರಾತ್ರಿ ನಾನೊಂದು ಸೂತ್ರ ಮಾಡಿದೆ. ದಾಖಲಾತಿ ಸಂಖ್ಯೆಯನ್ನು ಇಪ್ಪತ್ತೆಂಟರಿಂದ ಭಾಗಿಸಿ, ಉಳಿದ ಶೇಷಕ್ಕೆ ಒಂದು ಕೂಡಿಸಿದರೆ ದಿನ. ಅದೇ ಸಂಖ್ಯೆಯನ್ನು ಹನ್ನೆರಡರಿಂದ ಭಾಗಿಸಿ, ಶೇಷಕ್ಕೆ ಒಂದು ಕೂಡಿಸಿದರೆ ತಿಂಗಳು. ಶಾಲೆಗೆ ಸೇರುವ ವರ್ಷದಿಂದ ಏಳು ಕಳೆದರೆ ವರ್ಷ. ಇಪ್ಪತ್ತೆಂಟು ಏಕೆಂದರೆ ಫೆಬ್ರವರಿಯಲ್ಲೂ ತೊಂದರೆಯಾಗಬಾರದು. ಮಕ್ಕಳ ಹುಟ್ಟು ವರ್ಷವಿಡೀ ಹರಡಿಕೊಂಡಿತು. ಮುಂದಿನ ತಪಾಸಣೆಯಲ್ಲಿ ಅದೇ ಇನ್ಸ್‌ಪೆಕ್ಟರು ನನ್ನ ಪುಸ್ತಕವನ್ನು ಬೇರೆ ಶಾಲೆಯವರಿಗೆ ಮಾದರಿಯೆಂದು ತೋರಿಸಿದರು. ಇಪ್ಪತ್ತು ವರ್ಷ ನಾನು ಆ ಸೂತ್ರವನ್ನು ಬಿಡಲಿಲ್ಲ. ಯಾರಿಗೂ ಹೇಳಲೂ ಇಲ್ಲ.

1988ರ ಜೂನಿನಲ್ಲಿ ಬಚ್ಚಪ್ಪ ಎರಡು ಮಕ್ಕಳನ್ನು ಒಟ್ಟಿಗೆ ಕರೆತಂದ. ಹುಡುಗಿ ದೊಡ್ಡವಳು. ಮನೆಯಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತಲು ಬೇಕೆಂದು ಅವಳನ್ನು ಎರಡು ವರ್ಷ ಶಾಲೆಗೆ ಹಾಕಿರಲಿಲ್ಲ. "ಈಗ ತಮ್ಮನ ಜೊತೆ ಹೋಗ್ತೀನಿ ಅಂತ ಹಟ ಮಾಡ್ತಾಳೆ ಸಾ, ಇಬ್ರನ್ನೂ ಒಂದೇ ಕ್ಲಾಸಿಗೆ ಹಾಕ್ಬಿಡಿ," ಎಂದ. ಗಂಡುಮಗುವಿನ ಹೆಸರನ್ನು ಮೊದಲು ಹೇಳಿದ. ಸಂಖ್ಯೆ 1146 ಚೌಡೇಶ್. ಸಂಖ್ಯೆ 1147 ಅನಿತ. ಅನುಕ್ರಮ ಸಂಖ್ಯೆಗಳಿಗೆ ಅನುಕ್ರಮ ಶೇಷ. ದಿನದಲ್ಲಿ ಒಂದು ಹೆಚ್ಚು, ತಿಂಗಳಲ್ಲಿ ಒಂದು ಹೆಚ್ಚು. ಅಕ್ಕ ತಮ್ಮನಿಗಿಂತ ಚಿಕ್ಕವಳಾದಳು.

ನನಗೆ ಅದು ಗೊತ್ತಾಗಲಿಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ಅದೇ ಸಂಜೆ ಪುಟದ ಒಟ್ಟು ಹಾಕುವಾಗ ನನ್ನ ಕಣ್ಣು ಆ ಎರಡು ಸಾಲುಗಳ ಮೇಲೆ ನಿಂತಿತು. ಶಾಯಿ ಒಣಗಿತ್ತು. ತಿದ್ದಿದರೆ ತಿದ್ದಿದ್ದಕ್ಕೆ ಕಾರಣ ಬರೆದು, ಮೇಲಧಿಕಾರಿಯ ಸಹಿ ಹಾಕಿಸಬೇಕು. ಸೂತ್ರದ ಮಾತು ಹೊರಗೆ ಬರುತ್ತಿತ್ತು. ಪುಸ್ತಕ ಮುಚ್ಚಿ ಮನೆಗೆ ಹೋದೆ.

ಈ ಸಂಗತಿಯಲ್ಲಿ ಸೂತ್ರದ ಭಾಗವನ್ನಷ್ಟೇ ನಾನು ಮಗ ಮುನೀಂದ್ರನಿಗೆ ಹೇಳಿದೆ. ಅವನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ.

"ಅಪ್ಪ, ಬಾಯಿ ಬಿಡ್ಬೇಡಿ," ಎಂದ. "ನೀವು ಕೊಟ್ಟ ಡೇಟ್ ಇಟ್ಕೊಂಡು ಎಷ್ಟು ಜನ ಕೆಲಸಕ್ಕೆ ಸೇರಿದಾರೆ, ರಿಟೈರ್ ಆಗ್ತಾರೆ. ಒಬ್ಬರಿಗೆ ಸುಳ್ಳು ಅಂತ ಬರ್ಕೊಟ್ರೆ ನಾಳೆ ಸಾಲು ನಿಲ್ತಾರೆ. ಯಾವನೋ ಒಬ್ಬ ಕೇಸು ಹಾಕ್ತಾನೆ. ಎಂಬತ್ತೆರಡು ವರ್ಷಕ್ಕೆ ಕೋರ್ಟು ಹತ್ತಬೇಕಾ?"

"ಹುಡುಗನ ಪ್ರಾಣದ ವಿಷಯ."

"ಕೈತಪ್ಪು ಅಂತ ಬರೀರಿ. ಅಕ್ಕಂದು 1979 ಅಂತ ಬರೆಯೋ ಬದಲು ಕೈತಪ್ಪಿ 1981 ಆಗಿದೆ, ಅಷ್ಟೇ. ಅವರಿಗೂ ಕೆಲಸ ಆಗುತ್ತೆ, ನಿಮಗೂ ತಲೆನೋವಿಲ್ಲ."

ನಾನು ಒಂಬತ್ತು ದಿನ ಯೋಚಿಸಿದೆ. ಅನಿತ ಎರಡು ಸಲ ಫೋನ್ ಮಾಡಿದಳು. ಒಂಬತ್ತನೆಯ ದಿನ, ಜನವರಿ ಹದಿನೇಳಕ್ಕೆ, ಮಗ ಹೇಳಿದಂತೆಯೇ ಒಂದು ಪುಟ ಬರೆದು ಸಹಿ ಹಾಕಿ ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಓದಿ ನನ್ನ ಕಾಲು ಮುಟ್ಟಲು ಬಗ್ಗಿದಳು. ನಾನು ಕಾಲು ಹಿಂದಕ್ಕೆ ತೆಗೆದುಕೊಂಡೆ.

ಪತ್ರವನ್ನು ಸಮಿತಿ ಇಪ್ಪತ್ತೊಂದು ದಿನ ಇಟ್ಟುಕೊಂಡಿತು. ಶಾಲೆಯಿಂದ ಪುಟದ ನಕಲನ್ನು ತಾನೇ ತರಿಸಿಕೊಂಡಿತು. ಅದರಲ್ಲಿ ಜನ್ಮದಿನ ಅಂಕಿಯಲ್ಲೂ ಅಕ್ಷರದಲ್ಲೂ ಇತ್ತು. ಪಕ್ಕದ ಅಂಕಣದಲ್ಲಿ ಸೇರುವಾಗಿನ ವಯಸ್ಸು ಆರು ವರ್ಷ ಒಂಬತ್ತು ತಿಂಗಳೆಂದು ನನ್ನದೇ ದುಂಡಗಿನ ಬರಹದಲ್ಲಿತ್ತು. ಮೂರು ಕಡೆ ಒಂದೇ ಕೈತಪ್ಪು ಆಗುವುದಿಲ್ಲ. ಫೆಬ್ರವರಿ ಏಳರಂದು ಪತ್ರವನ್ನು ನಂಬಲರ್ಹವಲ್ಲವೆಂದು ತಿರಸ್ಕರಿಸಿದರು. ಇವರು ಈಗ ಒಬ್ಬ ಮುದುಕ ಮೇಷ್ಟ್ರನ್ನೂ ಒಳಗೆ ಹಾಕಿಕೊಂಡಿದ್ದಾರೆ ಎಂದು ಸಮಿತಿಯಲ್ಲಿ ಯಾರೋ ಅಂದರಂತೆ.

ಅನಿತ ಫೋನ್ ಮಾಡಿದಳು. "ಚೌಡೇಶ ನಿಮ್ಮನ್ನ ನೋಡ್ಬೇಕಂತೆ ಸಾರ್," ಎಂದಳು.

ನಮ್ಮೂರ ಆಸ್ಪತ್ರೆಯ ಡಯಾಲಿಸಿಸ್ ಕೋಣೆಯಲ್ಲಿ ಆರು ಹಾಸಿಗೆಗಳಿದ್ದವು. ಕಿಟಕಿಯ ಪಕ್ಕದ್ದು ಚೌಡೇಶನದು. ಅವನ ಕುತ್ತಿಗೆಗೆ ನಳಿಕೆ ಹಾಕಿದ್ದರು. ಮುಖ ಊದಿ, ಬಣ್ಣ ಬೂದಿಗೆ ತಿರುಗಿತ್ತು. ಶಾಲೆಯಲ್ಲಿ ಅವನು ಮಗ್ಗಿಯನ್ನು ಹಾಡಿನಂತೆ ಹೇಳುತ್ತಿದ್ದ ಹುಡುಗ. ನನ್ನನ್ನು ನೋಡಿ ಏಳಲು ಹೋದ, ನರ್ಸ್ ಬೈದಳು.

"ಬನ್ನಿ ಮೇಷ್ಟ್ರೇ. ನಮ್ಮವ್ವಂಗೆ ಒಂದು ಬಹುಮಾನ ಕೊಡಿಸಿ. ತಿಂಗಳಿಗೊಂದು ಹೆತ್ತವಳು ಲೋಕದಲ್ಲಿ ಇನ್ನೊಬ್ಬಳಿಲ್ಲ."

"ಮಾತಾಡಬೇಡ. ಆಯಾಸವಾಗುತ್ತದೆ."

"ಆಯಾಸ ಯಾವಾಗ್ಲೂ ಐತೆ." ಸ್ವಲ್ಪ ತಡೆದ. "ಚಿಕ್ಕವಳಿದ್ದಾಗಿಂದ ಅನಿತ 'ನನ್ನ ಜಡೆ ಹಿಡಿದು ಎಳೀಬೇಡ ಕಣೋ, ನಾನು ನಿನಗಿಂತ ದೊಡ್ಡೋಳು' ಅಂತಿದ್ಲು. ನಾನು ಆಧಾರ್ ಕಾರ್ಡ್ ತೋರ್ಸಿ, ಅಣ್ಣಾ ಅನ್ನು ಅಂತ ರೇಗಿಸ್ತಿದ್ದೆ. ಹತ್ತು ವರ್ಷ ಅದೇ ನಮಗೆ ತಮಾಷೆ. ಅದು ಹಿಂಗೆ ಕೊರಳಿಗೆ ಬೀಳುತ್ತೆ ಅಂತ ಯಾರಿಗೆ ಗೊತ್ತಿತ್ತು."

ಯಂತ್ರದಲ್ಲಿ ಅವನ ರಕ್ತ ತಿರುಗುತ್ತಿತ್ತು.

"ಮೇಷ್ಟ್ರೇ, ಆ ಕಾಗದ ನೀವು ಬರೆದಂಗೆ ಇರ್ಲಿಲ್ಲ. ನೀವು ಲೆಕ್ಕದಲ್ಲಿ ತಪ್ಪು ಮಾಡೋರಲ್ಲ. ಏನಾಯ್ತು ಅಂತ ನನಗಾದ್ರೂ ಹೇಳಿ."

"ಅವರಿಗೇ ಹೇಳುತ್ತೇನೆ," ಎಂದೆ.

ಫೆಬ್ರವರಿ ಹದಿನಾಲ್ಕರಂದು ಅನಿತಳೂ ನಾನೂ ಬಸ್ಸಿನಲ್ಲಿ ಬೆಂಗಳೂರಿಗೆ ಹೋದೆವು. ನಾರಾಯಣಮ್ಮ ಮಗನ ಬಳಿ ಉಳಿದಳು. ಮುನೀಂದ್ರ ಬರಲಿಲ್ಲ, ಹೊರಡುವಾಗ ಎದುರಿಗೂ ಬರಲಿಲ್ಲ. ಸಮಿತಿಯಲ್ಲಿ ಐದು ಜನ. ಅಧ್ಯಕ್ಷತೆಯಲ್ಲಿ ಕನ್ನಡಕ ಹಾಕಿದ ಐವತ್ತರ ವಯಸ್ಸಿನ ವೈದ್ಯೆ. ಅವರ ಮಾತು ಒರಟಾಗಿರಲಿಲ್ಲ.

"ಹಿಂದಿನ ಪತ್ರದಲ್ಲಿ ಕೈತಪ್ಪು ಅಂತ ಬರೆದಿದ್ರಿ."

"ಅದು ಸುಳ್ಳು, ಅಮ್ಮ. ಕೈ ತಪ್ಪಲಿಲ್ಲ. ಆ ತಾರೀಖುಗಳನ್ನು ನಾನು ಕೊಟ್ಟೆ."

"ಹುಟ್ಟಿದ ತಾರೀಖನ್ನ ಯಾರೂ ಕೊಡೋಕಾಗಲ್ಲ ಮೇಷ್ಟ್ರೇ. ಅದು ಇರುತ್ತೆ, ಬರ್ಕೋಬೇಕು ಅಷ್ಟೇ."

ಈ ಮಾತಿಗೆ ನನ್ನಲ್ಲಿ ನಿಘಂಟಿನ ಉತ್ತರವೊಂದಿತ್ತು. ಅಲ್ಲಿ ಅದನ್ನು ಆಡುವುದು ನಾಚಿಕೆಗೇಡಾಗುತ್ತಿತ್ತು. "ನಿಮ್ಮ ಬಳಿ ಆ ವರ್ಷದ ಪುಟವಿದೆ," ಎಂದೆ. "ನಾನು ಅದನ್ನು ನೋಡುವುದಿಲ್ಲ. ದಾಖಲಾತಿ ಸಂಖ್ಯೆ ಮಾತ್ರ ಹೇಳಿ. ಆ ಮಗು ಹುಟ್ಟಿದ ದಿನವನ್ನು ನಾನು ಹೇಳುತ್ತೇನೆ."

ಅವರು ಉಳಿದವರ ಮುಖ ನೋಡಿದರು. ಆಮೇಲೆ ಪುಟವನ್ನು ತಮ್ಮ ಕಡೆ ವಾಲಿಸಿಕೊಂಡು, "1139," ಎಂದರು.

"ಡಿಸೆಂಬರ್ ಇಪ್ಪತ್ತು, 1981."

"1142."

"ಮಾರ್ಚ್ ಇಪ್ಪತ್ತಮೂರು."

"1151."

"ಡಿಸೆಂಬರ್ ನಾಲ್ಕು."

ಅವರ ಪಕ್ಕದಲ್ಲಿದ್ದ ಸಮಿತಿಯ ವಕೀಲರು ತಾವೂ ಪುಟಕ್ಕೆ ಬಗ್ಗಿದರು. "1149 ಹೇಳಿ," ಎಂದರು.

"ಫೆಬ್ರವರಿ? ಅಲ್ಲ." ಒಂದು ಕ್ಷಣ ಎಣಿಸಿದೆ. "ಶೇಷ ಒಂದು, ಒಂಬತ್ತು. ಅಕ್ಟೋಬರ್ ಎರಡು."

"ತಪ್ಪು. ಇಲ್ಲಿ ಮೇ ಹದಿನೆಂಟು, 1982 ಅಂತಿದೆ."

"ಹಾಗಾದರೆ ಆ ಮಗುವಿನ ತಂದೆ ಆಸ್ಪತ್ರೆಯ ಚೀಟಿ ತಂದಿರಬೇಕು. ಷರಾ ಅಂಕಣ ನೋಡಿ."

ವಕೀಲರು ಬೆರಳನ್ನು ಸಾಲಿನ ಕೊನೆಗೆ ಒಯ್ದರು. "ಜನನ ಪ್ರಮಾಣಪತ್ರ ಹಾಜರುಪಡಿಸಿದೆ," ಎಂದು ಓದಿದರು. ಆಮೇಲೆ ಯಾರೂ ಸಂಖ್ಯೆ ಕೇಳಲಿಲ್ಲ. ನಾನು ಒಂದು ಹಾಳೆ ಕೇಳಿ ಪಡೆದು ಸೂತ್ರವನ್ನು ಬರೆದೆ. 1146 ಮತ್ತು 1147ರ ಭಾಗಾಕಾರವನ್ನು ಹಂತಹಂತವಾಗಿ ಮಾಡಿ ಮುಂದಿಟ್ಟೆ.

ವೈದ್ಯೆ ಹಾಳೆಯನ್ನು ಬಹಳ ಹೊತ್ತು ನೋಡಿದರು. "ಅಕ್ಕ ತಮ್ಮ ಅಂತ ಗೊತ್ತಿದ್ದೂ ಹೀಗೆ ಬರೆದ್ರಾ? ಅಥವಾ ಗೊತ್ತಾಗಲಿಲ್ವಾ?"

"ಬರೆಯುವಾಗ ನೋಡಲಿಲ್ಲ. ಸಂಜೆ ನೋಡಿದೆ."

"ನೋಡಿದ ಮೇಲೂ ತಿದ್ದಲಿಲ್ಲ?"

"ಇಲ್ಲ."

"ಯಾಕೆ?"

ಅನಿತ ನನ್ನ ಎಡಕ್ಕೆ ಕುಳಿತಿದ್ದಳು. "ಮಗ್ಗದವರ ಮನೆಯ ಹುಡುಗಿ," ಎಂದೆ. "ನಾಲ್ಕನೆಯ ತರಗತಿ ದಾಟುವುದಿಲ್ಲ, ಇವಳ ಜನ್ಮದಿನವನ್ನು ಮುಂದೆ ಯಾರೂ ಕೇಳುವುದಿಲ್ಲ ಎಂದು ಎಣಿಸಿದೆ."

ವಕೀಲರು ನನ್ನ ಹೇಳಿಕೆಯನ್ನು ಬೆರಳಚ್ಚು ಮಾಡಿಸಿದರು. ನಾನು ಓದಿ ಸಹಿ ಹಾಕಿದೆ.

ವಾಪಸು ಬರುವಾಗ ಯಲಹಂಕ ದಾಟುವವರೆಗೆ ಅನಿತ ಕಿಟಕಿಯ ಹೊರಗೆ ನೋಡುತ್ತಿದ್ದಳು. ಅಲ್ಲಿ ತಿರುಗಿದಳು.

"ನಾನು ಎಸ್ಸೆಸ್ಸೆಲ್ಸಿ ಪಾಸಾದೆ ಸಾರ್. ಲೆಕ್ಕದಲ್ಲಿ ಎಪ್ಪತ್ತೆರಡು. ರಿಸಲ್ಟ್ ಬಂದ ದಿನ ನಿಮಗೆ ಸ್ವೀಟ್ ಕೊಡೋಕೆ ಬಂದಿದ್ದೆ. ನೀವು ಊರಲ್ಲಿರ್ಲಿಲ್ಲ."

ನಾನು ತಲೆಯಾಡಿಸಿದೆ.

ಐದು ದಿನಕ್ಕೆ ಅನುಮತಿ ಬಂತು. ರಕ್ತ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಅಗತ್ಯವಿಲ್ಲವೆಂದು ಅದರಲ್ಲೇ ಬರೆದಿದ್ದರು. ಆಸ್ಪತ್ರೆಯವರು ಮಾರ್ಚ್ ಆರು ಎಂದು ಹೊಸ ಡೇಟ್ ಕೊಟ್ಟರು. ಅನಿತ ಕಾರ್ಖಾನೆಗೆ ರಜೆ ಬರೆದುಕೊಟ್ಟು, ಗಂಡನ ಮನೆಯಲ್ಲಿ ಎರಡು ತಿಂಗಳಿಗೆ ಆಗುವಷ್ಟು ರಾಗಿ ಬೀಸಿಸಿಟ್ಟು ಬಂದಳೆಂದು ತಿಳಿಯಿತು. ಫೆಬ್ರವರಿ ಇಪ್ಪತ್ತೆಂಟರಂದು ಚೌಡೇಶನಿಗೆ ಚಳಿಜ್ವರ ಬಂತು. ಕುತ್ತಿಗೆಯ ನಳಿಕೆಯಿಂದ ಸೋಂಕು ರಕ್ತಕ್ಕೆ ಇಳಿದಿದೆ, ಜ್ವರ ಬಿಡುವವರೆಗೆ ಆಪರೇಷನ್ ಸಾಧ್ಯವಿಲ್ಲ ಎಂದರು. ಬಿಡಲಿಲ್ಲ. ಮಾರ್ಚ್ ಮೂರು, ಭಾನುವಾರ, ಬೆಳಿಗ್ಗೆ ಅವನು ತೀರಿಕೊಂಡ.

ಅನಿತ ನನ್ನ ಬಾಗಿಲಿಗೆ ಬಂದ ದಿನದಿಂದ ನಾನು ನಿಜ ಹೇಳಿದ ದಿನದವರೆಗೆ ಮೂವತ್ತೇಳು ದಿನ. ಒಂಬತ್ತು ನನ್ನ ಯೋಚನೆಗೆ, ಇಪ್ಪತ್ತೊಂದು ನನ್ನ ಸುಳ್ಳಿಗೆ, ಏಳು ಅದನ್ನು ಹಿಂದಕ್ಕೆ ಪಡೆಯಲು. ಮಾರ್ಚ್ ಆರರಿಂದ ಮೂವತ್ತೇಳು ಕಳೆದರೆ ಜನವರಿ ಇಪ್ಪತ್ತೊಂಬತ್ತು. ಅಂದು ಅವನಿಗೆ ಜ್ವರವಿರಲಿಲ್ಲ. ಈ ಲೆಕ್ಕವನ್ನು ನಾನು ಹಲವು ಸಲ ಮಾಡಿ ನೋಡಿದ್ದೇನೆ. ಉತ್ತರ ಬದಲಾಗುವುದಿಲ್ಲ.

ನಾಲ್ಕನೆಯ ದಿನ ಅವರ ಮನೆಗೆ ಹೋದೆ. ಮುನೀಂದ್ರ ಬೇಡವೆಂದ. ಕೇರಿಯ ಎಲ್ಲ ಮನೆಗಳಲ್ಲೂ ಪವರ್‌ಲೂಮ್ ಓಡುತ್ತಿದ್ದವು. ಆ ಮನೆಯ ಎರಡು ನಿಂತಿದ್ದವು. ಒಂದರ ಮೇಲೆ ಅರ್ಧ ನೇಯ್ದ ನೀಲಿ ಸೀರೆ ಹಾಗೇ ಇತ್ತು. ಚೌಡೇಶನ ಹೆಂಡತಿ ಒಳಗಿದ್ದಳು. ನಾರಾಯಣಮ್ಮ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದಳು. ಅನಿತ ನನಗೊಂದು ಕುರ್ಚಿ ಹಾಕಿ ದೂರ ಹೋಗಿ ನಿಂತಳು.

ನಾನು ಸಿದ್ಧಪಡಿಸಿಕೊಂಡು ಹೋಗಿದ್ದ ವಾಕ್ಯವನ್ನು ಹೇಳಿದೆ. "ನಾರಾಯಣಮ್ಮ, ನನ್ನಿಂದ ತಪ್ಪಾಯಿತು."

ಅವಳು ನನ್ನನ್ನು ನೋಡದೆ ಮಾತನಾಡಿದಳು.

"ದೊಡ್ಡ ಗ್ರಹಣ ಹಿಡೀತಲ್ಲ ಮೇಷ್ಟ್ರೇ, ಊರಲ್ಲಿ ಒಂದು ನರಪಿಳ್ಳೆ ಬೀದಿಗೆ ಬರ್ಲಿಲ್ವಲ್ಲ, ಅವತ್ತಿಗೆ ಈ ಅನಿತ ಒಂಬತ್ತು ದಿನದ ಕೂಸು. ಹುಟ್ಟಿದ ದಿನ ಬಿಟ್ಟು ಒಂಬತ್ತು. ಬಾಣಂತಿ ಕೂಸಿನ ಮೇಲೆ ಬೆಳಕು ಬೀಳ್ಬಾರ್ದು ಅಂತ ನಮ್ಮತ್ತೆ ಕಿಟಕಿಗೆ ಗೋಣಿಚೀಲ ಹೊಡೆದಿದ್ಲು. ಕತ್ತಲಲ್ಲಿ ಇದು ಒಂದೇ ಸಮ ಅಳ್ತಿತ್ತು. ಆಮೇಲೆ ಎರಡು ಯುಗಾದಿ ಕಳೆದು ಮೂರನೇ ಯುಗಾದಿ ದಿನ ಬೆಳಗಿನ ಜಾವ ಅವನು ಹುಟ್ಟಿದ. ಒಲೆ ಮೇಲೆ ಒಬ್ಬಟ್ಟಿನ ಬೇಳೆ ಹಂಗೇ ಇತ್ತು. ನನಗೆ ಯಾವ್ದೂ ಮರ್ತಿಲ್ಲ."

"ಇದನ್ನು ಸಮಿತಿಯವರಿಗೆ..."

"ಯಾರು ಕೇಳಿದ್ರು? ನೀನು ಹೆತ್ತಿದ್ದು ಹೌದಾ ಅಂದ್ರು, ಹೌದು ಅಂದೆ. ಯಾವಾಗ ಅಂತ ಯಾರೂ ಕೇಳ್ಲಿಲ್ಲ. ನೀವೂ ಕೇಳ್ಲಿಲ್ಲ. ಅವರಪ್ಪಂಗೇನು ಗೊತ್ತು, ಗಂಡಸು. ಸ್ಕೂಲಿಂದ ನಾಲ್ಕನೇ ಮನೆ ನಮ್ದು. ಒಂದು ಕೂಗು ಕೂಗಿದ್ರೆ ಕಂಡಿಕೆ ಬಿಟ್ಟು ಬಂದು ಹೇಳ್ತಿದ್ದೆ."

ಆ ಗ್ರಹಣ ನನಗೂ ನೆನಪಿದೆ. 1980ರ ಫೆಬ್ರವರಿ ಹದಿನಾರು, ಶನಿವಾರ. ಹದಿನಾರರಿಂದ ಒಂಬತ್ತು ಕಳೆದರೆ ಏಳು. ಇದಕ್ಕೆ ಭಾಗಾಕಾರ ಬೇಕಿರಲಿಲ್ಲ.

"ಫೆಬ್ರವರಿ ಏಳು," ಎಂದೆ. "ಗುರುವಾರ."

"ಗುರುವಾರವೇ," ಎಂದಳು ನಾರಾಯಣಮ್ಮ. "ಬರ್ಕೊಳ್ಳಿ."

"ಈಗ್ಯಾಕವ್ವ ಅದು?" ಎಂದಳು ಅನಿತ, ನಿಂತಲ್ಲಿಂದಲೇ.

"ಬರೀಲಿ. ನೀನಿನ್ನೂ ಬದುಕಿದೀಯಲ್ಲ."

ನಾನು ಜೇಬಿನಿಂದ ಲೇಖನಿ ತೆಗೆದು ಒಂದು ಚೀಟಿಯ ಮೇಲೆ ಅಂಕಿಯಲ್ಲೂ ಅಕ್ಷರದಲ್ಲೂ ಬರೆದೆ. ಅನಿತ ಅದನ್ನು ತೆಗೆದುಕೊಂಡಳು, ಓದಲಿಲ್ಲ. ಚೌಡೇಶನ ಯುಗಾದಿ ಯಾವ ತಾರೀಖಿಗೆ ಬಂದಿತ್ತೆಂದು ಪಂಚಾಂಗ ನೋಡಿ ಹೇಳಬಲ್ಲೆ. ಅದನ್ನು ಯಾರೂ ಕೇಳಲಿಲ್ಲ.